ಉಮೇದುವಾರನ ತೂಕ, ದೇಶದ ಪ್ರಶ್ನೆಯ ತೂಕ

(ಕಾರ್ಮಿಕರ ವಾಚನಾಲಯದಲ್ಲಿ ಭಾನುವಾರ ಸಂಜೆ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ಕಳೆದ ಸಭೆ ಮುಗಿದ ಮೇಲೆ, ನೂಲಿನ ಖಾತೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಹಿರಿಯರೊಬ್ಬರು ನಮ್ಮನ್ನು ಬಾಗಿಲ ಬಳಿ ನಿಲ್ಲಿಸಿಕೊಂಡರು. ಅವರ ಮಗಳು ಅಮೆರಿಕದಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದಿದ್ದಾಳೆ. ಆಕೆ ಫೋನಿನಲ್ಲಿ, "ಅಪ್ಪಾ, ಇಲ್ಲಿ ದೊಡ್ಡ ಚುನಾವಣೆಗೆ ಮುಂಚೆ ಪಕ್ಷದ ಒಳಗೇ ಇನ್ನೊಂದು ಚುನಾವಣೆ ನಡೆಯುತ್ತೆ. 2024ರಲ್ಲಿ ನಾನು ಹೋಗಲೇ ಇಲ್ಲ. 2028ರಲ್ಲಿ ಮತ್ತೆ ಬರುತ್ತೆ. ಹೋದರೂ ಯಾರಿಗೆ ಹಾಕಬೇಕೋ ತಿಳಿಯಲ್ಲ. ನೀನು ಯೂನಿಯನ್ನಿನಲ್ಲಿ ಎಷ್ಟೋ ಚುನಾವಣೆ ಕಂಡವನು, ನೀನೇ ಹೇಳು" ಎಂದಳಂತೆ. "ನಾನು ಏನಂತ ಹೇಳಲಿ ಸ್ವಾಮಿ?" ಎಂದು ಹಿರಿಯರು ನಮ್ಮನ್ನು ಕೇಳಿದರು.

ಯಾರಿಗೆ ಹಾಕಬೇಕು ಎಂದು ಹೇಳುವ ಅಧಿಕಾರ ನಮಗಿಲ್ಲ. ಅದು ಅಲ್ಲಿಯ ಮತದಾರರ ಸ್ವತ್ತು. ಆದರೆ ಹೇಗೆ ತೂಗಬೇಕು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬಹುದು. ಏಕೆಂದರೆ ತೂಕದ ವಿಚಾರ ಈ ಸಭೆಯಲ್ಲಿ ಕುಳಿತಿರುವವರಿಗೆ ಯಾರೂ ಕಲಿಸಬೇಕಾಗಿಲ್ಲ. ನಿಮ್ಮಲ್ಲಿ ಅರ್ಧ ಜನ ದಿನವೆಲ್ಲ ತಕ್ಕಡಿ ಹಿಡಿಯುವವರು. ಇನ್ನರ್ಧ ಜನ ತಮ್ಮ ಬೆವರಿಗೆ ಸರಿಯಾದ ತೂಕ ಸಿಗಲಿಲ್ಲವೆಂದು ಹೋರಾಡಿದವರು.

ಮನೆಯೊಳಗಿನ ಚುನಾವಣೆ

ಮೊದಲು ಈ ಪದ್ಧತಿ ಏನೆಂಬುದನ್ನು ತಿಳಿದುಕೊಳ್ಳೋಣ. ಅಮೆರಿಕದಲ್ಲಿ ನಾಲ್ಕು ವರ್ಷಕ್ಕೊಮ್ಮೆ ನವೆಂಬರ್ ತಿಂಗಳಲ್ಲಿ ಅಧ್ಯಕ್ಷನ ಚುನಾವಣೆ. ಕಣದಲ್ಲಿ ಎಷ್ಟೇ ಜನ ಇದ್ದರೂ ಲೆಕ್ಕಕ್ಕೆ ಬರುವವರು ಇಬ್ಬರು: ಡೆಮೊಕ್ರಾಟಿಕ್ ಪಕ್ಷದವರೊಬ್ಬರು, ರಿಪಬ್ಲಿಕನ್ ಪಕ್ಷದವರೊಬ್ಬರು. ಆ ಒಬ್ಬೊಬ್ಬರನ್ನು ಆರಿಸುವುದಕ್ಕಾಗಿ ಅದೇ ವರ್ಷದ ಮೊದಲ ಆರು ತಿಂಗಳಲ್ಲಿ, ರಾಜ್ಯ ರಾಜ್ಯಗಳಲ್ಲಿ ಬೇರೆ ಬೇರೆ ದಿನ, ಪಕ್ಷದ ಸಾಮಾನ್ಯ ಮತದಾರರು ಮತ ಹಾಕುತ್ತಾರೆ. ಇದಕ್ಕೆ ಪ್ರೈಮರಿ ಎಂದು ಹೆಸರು. ನಾವು ಪ್ರಾಥಮಿಕ ಚುನಾವಣೆ ಎನ್ನೋಣ. ಅಲ್ಲಿ ಬಿದ್ದ ಮತಗಳ ಆಧಾರದ ಮೇಲೆ ಪ್ರತಿನಿಧಿಗಳು ನಿಗದಿಯಾಗಿ, ಪಕ್ಷದ ಮಹಾಧಿವೇಶನದಲ್ಲಿ ಸೇರಿ ಉಮೇದುವಾರನ ಹೆಸರನ್ನು ಗೊತ್ತುಮಾಡುತ್ತಾರೆ.

ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ನವೆಂಬರಿನ ಚುನಾವಣೆ ಚಿಲ್ಲರೆ ಅಂಗಡಿ. ಪ್ರಾಥಮಿಕ ಚುನಾವಣೆ ಸಗಟು ಮಂಡಿ. ಮಂಡಿಯಲ್ಲಿ ಯಾವ ಮೂಟೆ ಎತ್ತಿ ತಂದರೋ ಅದೇ ಅಂಗಡಿಯಲ್ಲಿ ಸಿಗುವುದು. ಮಂಡಿಯ ದಿನ ಮನೆಯಲ್ಲಿ ಮಲಗಿದ್ದವನು ಅಂಗಡಿಗೆ ಬಂದು ಅಕ್ಕಿಯಲ್ಲಿ ಕಲ್ಲಿದೆ ಎಂದು ದೂರಿದರೆ ಏನು ಫಲ? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಅಲ್ಲಿಯೂ ಹೆಚ್ಚು ಜನ ಮಲಗಿಯೇ ಇರುತ್ತಾರೆ. 2016ರಂಥ ಬಿರುಸಿನ ವರ್ಷದಲ್ಲೂ, ಎರಡು ಪಕ್ಷಗಳನ್ನೂ ಸೇರಿಸಿದರೆ, ಅರ್ಹ ಮತದಾರರಲ್ಲಿ ಪ್ರಾಥಮಿಕ ಚುನಾವಣೆಗೆ ಬಂದವರು ನೂರಕ್ಕೆ ಮೂವತ್ತು ಜನರಿಗಿಂತ ಕಡಿಮೆ.

ಈ ಹಕ್ಕು ಯಾರೂ ದಾನವಾಗಿ ಕೊಟ್ಟದ್ದಲ್ಲ. ಹಿಂದೆ ಪಕ್ಷದ ಯಜಮಾನರು ಹೋಟೆಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಚುಟ್ಟಾ ಹೊಗೆಯ ನಡುವೆ ಉಮೇದುವಾರನನ್ನು ನಿಶ್ಚಯಿಸುತ್ತಿದ್ದರು. ರೈಲ್ವೆ ಕಂಪನಿಗಳ, ಮರದ ವ್ಯಾಪಾರದ ಧಣಿಗಳ ಮಾತು ಆ ಕೋಣೆಯಲ್ಲಿ ನಡೆಯುತ್ತಿತ್ತು. ವಿಸ್ಕಾನ್ಸಿನ್ ರಾಜ್ಯದ ರಾಬರ್ಟ್ ಲಾ ಫಾಲೆಟ್ ಎಂಬ ಗವರ್ನರ್ ಇದರ ವಿರುದ್ಧ ಹೋರಾಡಿದರು. 1904ರಲ್ಲಿ ಆ ರಾಜ್ಯದ ಮತದಾರರು ನೇರ ಪ್ರಾಥಮಿಕ ಚುನಾವಣೆಯ ಕಾಯಿದೆಗೆ ಒಪ್ಪಿಗೆ ಕೊಟ್ಟರು. ನಮ್ಮ ಜಯಪ್ರಕಾಶ ನಾರಾಯಣರು 1920ರ ದಶಕದಲ್ಲಿ ಕೂಲಿ ಮಾಡಿಕೊಂಡು ಓದಿದ್ದು, ಸಮಾಜವಾದದ ಕಡೆ ತಿರುಗಿದ್ದು ಇದೇ ರಾಜ್ಯದಲ್ಲಿ.

ಆದರೂ ಯಜಮಾನರು ಸುಲಭವಾಗಿ ಕೈ ಬಿಡಲಿಲ್ಲ. 1912ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಬಹುಪಾಲು ಪ್ರಾಥಮಿಕ ಚುನಾವಣೆಗಳನ್ನು ಗೆದ್ದರೂ ರಿಪಬ್ಲಿಕನ್ ಮಹಾಧಿವೇಶನ ಟಾಫ್ಟ್ ಅವರ ಕೊರಳಿಗೇ ಮಾಲೆ ಹಾಕಿತು. ದಕ್ಷಿಣದ ರಾಜ್ಯಗಳಲ್ಲಿ ಇನ್ನೂ ಘೋರ. ಅಲ್ಲಿ ಡೆಮೊಕ್ರಾಟಿಕ್ ಪಕ್ಷವೇ ಸದಾ ಗೆಲ್ಲುತ್ತಿದ್ದುದರಿಂದ ಪಕ್ಷದೊಳಗಿನ ಚುನಾವಣೆಯೇ ನಿಜವಾದ ಚುನಾವಣೆ. ಅದಕ್ಕೆ ಕರಿಯರನ್ನು ಸೇರಿಸುತ್ತಿರಲಿಲ್ಲ. 1944ರಲ್ಲಿ ಟೆಕ್ಸಾಸ್ ರಾಜ್ಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. ತೀರ್ಪು ಬಂದಮಾತ್ರಕ್ಕೆ ಬಾಗಿಲು ತೆರೆಯಲಿಲ್ಲ. 1964ರ ಮೇ ತಿಂಗಳಲ್ಲಿ ಮಿಸಿಸಿಪಿಯ ಜಾಕ್ಸನ್ ನಗರದಲ್ಲಿ, ಬಿಳಿಯರ ಹೋಟೆಲೊಂದಕ್ಕೆ ಪಂಚೆಯುಟ್ಟು ಹೋದ ರಾಮಮನೋಹರ ಲೋಹಿಯಾ ಅವರನ್ನು ಪೋಲೀಸರು ಬಂಧಿಸಿದರು. 1951ರಲ್ಲಿ ನಮ್ಮ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದವರೂ ಅವರೇ. ಜಾಕ್ಸನ್ ಘಟನೆಯಾದ ಮೂರು ತಿಂಗಳಿಗೆ, ಅದೇ ಮಿಸಿಸಿಪಿಯ ಹೊಲದ ಕೂಲಿಗಿತ್ತಿ ಫ್ಯಾನಿ ಲೂ ಹೇಮರ್ ಅಟ್ಲಾಂಟಿಕ್ ಸಿಟಿಯ ಮಹಾಧಿವೇಶನದ ಎದುರು ನಿಂತು, ತಮ್ಮವರಿಗೆ ಪಕ್ಷದೊಳಗೆ ಏಕೆ ಜಾಗವಿಲ್ಲವೆಂದು ಕೇಳಿದರು. ಎರಡು ಕುರ್ಚಿ ಕೊಡುತ್ತೇವೆ ಎಂದಾಗ ಆಕೆಯ ಬಳಗ ಅದನ್ನು ಬೇಡವೆಂದಿತು.

ಇಷ್ಟು ಜನ ಇಷ್ಟು ಪೆಟ್ಟು ತಿಂದು ಪಡೆದ ಮತವನ್ನು, ಯಾರ ಮುಖ ಚೆನ್ನಾಗಿದೆ, ಯಾರು ಟೆಲಿವಿಷನ್ನಿನಲ್ಲಿ ಹೆಚ್ಚು ಕೂಗಿದರು ಎಂದು ನೋಡಿ ಹಾಕಬಹುದೇ? ನಮ್ಮ ಮಾತಿನ ಸಾರ ಇಷ್ಟೇ: ಪ್ರಾಥಮಿಕ ಚುನಾವಣೆಯಲ್ಲಿ ಮತದಾರ ಒಬ್ಬ ಮನುಷ್ಯನನ್ನು ಮಾತ್ರ ಆರಿಸುವುದಿಲ್ಲ, ದೇಶದ ಮುಂದೆ ಯಾವ ಪ್ರಶ್ನೆ ಇಡಬೇಕು ಎಂಬುದನ್ನೂ ಆರಿಸುತ್ತಾನೆ. ಆದ್ದರಿಂದ ಪ್ರಶ್ನೆಯನ್ನು ಮೊದಲು ತೂಗಬೇಕು, ಮನುಷ್ಯನನ್ನು ಆಮೇಲೆ.

ಗಣಿ ಕೆಲಸಗಾರರ ಹಸಿವು

1960ನೆಯ ಇಸವಿಯ ಮೇ 10ರಂದು ವೆಸ್ಟ್ ವರ್ಜೀನಿಯ ರಾಜ್ಯದಲ್ಲಿ ನಡೆದ ಪ್ರಾಥಮಿಕ ಚುನಾವಣೆಯನ್ನು ನೋಡಿ. ಒಂದು ಕಡೆ ಜಾನ್ ಕೆನಡಿ, ಕೋಟ್ಯಧೀಶನ ಮಗ. ಇನ್ನೊಂದು ಕಡೆ ಹ್ಯೂಬರ್ಟ್ ಹಂಫ್ರಿ, ಔಷಧದ ಅಂಗಡಿಯವನ ಮಗ. ತಾನೂ ಆ ಅಂಗಡಿಯಲ್ಲಿ ನಿಂತು ಔಷಧ ಕಟ್ಟಿಕೊಟ್ಟವರು. ಕೆನಡಿಯ ಹಣದ ಎದುರು ತಮ್ಮ ಪಾಡು, ನೂರಾರು ಶಾಖೆಗಳಿರುವ ದೊಡ್ಡ ಅಂಗಡಿಯ ಎದುರು ಬಿಡಿ ವ್ಯಾಪಾರಿಯ ಪಾಡಿನಂತಿದೆ ಎಂದು ಹಂಫ್ರಿ ಆ ವರ್ಷ ಹೇಳಿಕೊಂಡರು. ಇಲ್ಲಿರುವ ಕಿರಾಣಿ ಅಂಗಡಿಯವರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಪತ್ರಿಕೆಗಳೆಲ್ಲ ಅಲ್ಲಿ ಒಂದೇ ಪ್ರಶ್ನೆಯನ್ನು ಕಂಡವು: ಮತ. ಕೆನಡಿ ಕ್ಯಾಥೊಲಿಕ್. ಆ ರಾಜ್ಯದಲ್ಲಿ ಕ್ಯಾಥೊಲಿಕರು ನೂರಕ್ಕೆ ಐದರ ಆಸುಪಾಸು. ಉಳಿದವರು ಹೆಚ್ಚಾಗಿ ಪ್ರಾಟೆಸ್ಟಂಟರು. ತಮ್ಮ ಮತದವನಲ್ಲದವನಿಗೆ ಅವರು ಓಟು ಕೊಡುತ್ತಾರೆಯೇ? ನಮ್ಮಲ್ಲಿ ಪ್ರತಿ ಕ್ಷೇತ್ರದಲ್ಲೂ ಜಾತಿಯ ಲೆಕ್ಕ ಹಾಕುತ್ತಾರಲ್ಲ, ಅದೇ ಲೆಕ್ಕ.

ಆದರೆ ಅಲ್ಲಿಯ ಜನರ ಮನೆಯಲ್ಲಿದ್ದ ಪ್ರಶ್ನೆ ಬೇರೆ. ಅದು ಕಲ್ಲಿದ್ದಲ ಗಣಿಗಳ ನಾಡು. ಗಣಿಯೊಳಕ್ಕೆ ಯಂತ್ರಗಳು ಬಂದಿದ್ದವು. ಹತ್ತು ಜನರ ಕೆಲಸ ಇಬ್ಬರಿಂದ ಆಗುತ್ತಿತ್ತು. ಉಳಿದವರು ಬೀದಿಪಾಲು. ಸರ್ಕಾರ ಹಂಚುತ್ತಿದ್ದ ಹಿಟ್ಟು, ಅಕ್ಕಿ, ಹಾಲಿನ ಪುಡಿಯಲ್ಲಿ ಸಂಸಾರಗಳು ದಿನ ನೂಕುತ್ತಿದ್ದವು. ಯಂತ್ರದ ಮಗ್ಗ ಬಂದಾಗ ಕೈಮಗ್ಗದವನ ಮನೆಯಲ್ಲಿ ಏನಾಯಿತು, ಗಿರಣಿಗೆ ಬೀಗ ಬಿದ್ದಾಗ ಬದಲಿ ಕೆಲಸಗಾರನ ಮನೆಯಲ್ಲಿ ಏನಾಯಿತು ಎಂಬುದನ್ನು ಬಲ್ಲ ನಮಗೆ ಅದು ದೂರದ ಕಥೆಯಲ್ಲ.

ಕೆನಡಿ ಗಣಿಗಳ ಬಾಯಿಗೆ ಹೋದರು. ಪಾಳಿ ಮುಗಿಸಿ ಮಸಿಬಳಿದ ಮುಖದಲ್ಲಿ ಹೊರಬಂದವರ ಜೊತೆ ಕುಳಿತರು. ಹಣವೂ ಧಾರಾಳವಾಗಿ ಹರಿಯಿತು, ಅದನ್ನು ಮುಚ್ಚಿಡಬೇಕಾಗಿಲ್ಲ. ಫಲಿತಾಂಶ ಬಂದಾಗ ಕೆನಡಿಗೆ ನೂರಕ್ಕೆ ಸುಮಾರು 61, ಹಂಫ್ರಿಗೆ 39. ಹಂಫ್ರಿ ಕಣದಿಂದ ಹಿಂದೆ ಸರಿದರು.

ನಾವು ನೆನಪಿಡಬೇಕಾದದ್ದು ಆಮೇಲೆ ನಡೆದದ್ದು. 1961ರ ಜನವರಿ 20ರಂದು ಕೆನಡಿ ಪ್ರಮಾಣವಚನ ಸ್ವೀಕರಿಸಿದರು. ಮರುದಿನವೇ ಹೊರಡಿಸಿದ ಮೊದಲನೆಯ ಆಜ್ಞೆ, ಬಡ ಸಂಸಾರಗಳಿಗೆ ಹಂಚುವ ಆಹಾರವನ್ನು ಹೆಚ್ಚಿಸಬೇಕೆಂಬುದು. ಅದೇ ವರ್ಷದ ಮೇ ತಿಂಗಳಲ್ಲಿ ಆಹಾರದ ಚೀಟಿಯ ಪ್ರಯೋಗ ಮೊದಲು ಆರಂಭವಾದದ್ದು ಅದೇ ವೆಸ್ಟ್ ವರ್ಜೀನಿಯದ ಮೆಕ್‌ಡೊವೆಲ್ ಜಿಲ್ಲೆಯಲ್ಲಿ. 1964ರಲ್ಲಿ ಅದು ಕಾಯಿದೆಯಾಯಿತು. 2024ರಲ್ಲಿ ಆ ಯೋಜನೆಯಿಂದ ಪಡಿ ಪಡೆದವರು ಸುಮಾರು ನಾಲ್ಕು ಕೋಟಿ ಜನ. ಮತದ ಪ್ರಶ್ನೆಯನ್ನು ಕೇಳಲು ಬಂದ ಚುನಾವಣೆಯಲ್ಲಿ ಗಣಿಯವರು ಅನ್ನದ ಪ್ರಶ್ನೆಯನ್ನು ಮುಂದಿಟ್ಟರು. ಆ ಪ್ರಶ್ನೆ ರಾಜಧಾನಿಗೆ ಹೋಗಿ ಕಾಯಿದೆಯಾಗಿ ಕುಳಿತಿತು. ಗೆದ್ದವನು ಶ್ರೀಮಂತನೇ ಆಗಿದ್ದ. ಆದರೆ ಬಡವರು ಅವನ ಕೈಗೆ ಕೆಲಸ ಕೊಟ್ಟು ಕಳಿಸಿದ್ದರು.

ಯುದ್ಧದ ಪ್ರಶ್ನೆ

ಎಂಟು ವರ್ಷ ಮುಂದೆ ಬನ್ನಿ. 1968ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್. ವಿಯಟ್ನಾಮಿನಲ್ಲಿ ಯುದ್ಧ ಉರಿಯುತ್ತಿದೆ. ಸ್ವಂತ ಪಕ್ಷದ ಅಧ್ಯಕ್ಷನ ಎದುರು ನಿಲ್ಲುವುದೆಂದರೆ ಹುಚ್ಚುತನ ಎಂದು ಎಲ್ಲರೂ ಹೇಳುತ್ತಿದ್ದಾಗ, ಯುಜೀನ್ ಮೆಕಾರ್ತಿ ಎಂಬ ಸೆನೆಟರ್ ಯುದ್ಧ ನಿಲ್ಲಲಿ ಎಂಬ ಒಂದೇ ಮಾತು ಹಿಡಿದು ನ್ಯೂ ಹ್ಯಾಂಪ್‌ಷೈರ್ ಎಂಬ ಪುಟ್ಟ ರಾಜ್ಯದಲ್ಲಿ ನಿಂತರು. ಕಾಲೇಜಿನ ಹುಡುಗರು ಗಡ್ಡ ಬೋಳಿಸಿಕೊಂಡು, ಹಿಮದಲ್ಲಿ ಮನೆಮನೆಗೆ ನಡೆದರು. ಮಾರ್ಚ್ 12ರಂದು ಮೆಕಾರ್ತಿಗೆ ನೂರಕ್ಕೆ 42, ಅಧ್ಯಕ್ಷರಿಗೆ 49. ಸೋತವರು ಮೆಕಾರ್ತಿಯೇ. ಆದರೆ ಅದೇ ತಿಂಗಳ 31ರಂದು ಜಾನ್ಸನ್, ತಾವು ಮತ್ತೆ ಉಮೇದುವಾರರಾಗುವುದಿಲ್ಲವೆಂದು ದೇಶಕ್ಕೆ ಹೇಳಿದರು. ಒಂದು ಸಣ್ಣ ರಾಜ್ಯ ಕೇಳಿದ ಪ್ರಶ್ನೆ ಅಧ್ಯಕ್ಷನ ಕುರ್ಚಿಯನ್ನು ಅಲುಗಿಸಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮೆಕಾರ್ತಿಗೆ ಮತ ಹಾಕಿದವರನ್ನು ಕುರಿತು ವಿದ್ವಾಂಸರು ಆಮೇಲೆ ವಿಚಾರ ಮಾಡಿದಾಗ, ಅವರಲ್ಲಿ ಅನೇಕರು ಯುದ್ಧವನ್ನು ಇನ್ನೂ ಜೋರಾಗಿ ನಡೆಸಬೇಕೆಂದು ಜಾನ್ಸನ್ ಮೇಲೆ ಸಿಟ್ಟಾದವರು ಎಂದು ತಿಳಿದುಬಂತು! ಮತಪತ್ರಕ್ಕೆ ಬಾಯಿಲ್ಲ. ಸಿಟ್ಟಿನಿಂದ ಹಾಕಿದ ಮತವನ್ನು ಯಾರು ಹೇಗೆ ಬೇಕಾದರೂ ಓದಬಹುದು. ಆದ್ದರಿಂದ ಮತ ಹಾಕಿದವರು ತಮ್ಮ ಸಂಘದಲ್ಲಿ, ಸಭೆಯಲ್ಲಿ, ಪತ್ರಿಕೆಯಲ್ಲಿ, "ಇಂಥ ಕಾರಣಕ್ಕೆ ಹಾಕಿದೆವು" ಎಂದು ಬಾಯಿಬಿಟ್ಟು ಹೇಳಬೇಕು.

ಆ ವರ್ಷ ಆಗಸ್ಟಿನಲ್ಲಿ ಷಿಕಾಗೋ ಮಹಾಧಿವೇಶನ ಉಮೇದುವಾರಿಕೆ ಕೊಟ್ಟದ್ದು ಯಾರಿಗೆ? ಒಂದು ಪ್ರಾಥಮಿಕ ಚುನಾವಣೆಯಲ್ಲೂ ಸ್ಪರ್ಧಿಸದ ಹಂಫ್ರಿಗೆ. ಒಳಗೆ ಯಜಮಾನರು ಕೈ ಎತ್ತಿದರು. ಹೊರಗೆ ಪೋಲೀಸರು ಲಾಠಿ ಎತ್ತಿದರು. ಔಷಧದ ಅಂಗಡಿಯ ಹಂಫ್ರಿ ಕೆಟ್ಟವರಲ್ಲ. ಆದರೆ ಜನ ಕೇಳಿದ ಪ್ರಶ್ನೆಗೆ ಪಕ್ಷ ಉತ್ತರ ಕೊಡಲಿಲ್ಲ. ನವೆಂಬರಿನಲ್ಲಿ ಸಣ್ಣ ಅಂತರದಲ್ಲಿ ನಿಕ್ಸನ್ ಗೆದ್ದರು. ಈ ಅವಮಾನದ ಮೇಲೆಯೇ ಪಕ್ಷ ಕಟ್ಟಳೆಗಳನ್ನು ಬದಲಿಸಿ, ಪ್ರತಿನಿಧಿಗಳ ಆಯ್ಕೆಯನ್ನು ಸಾಮಾನ್ಯ ಮತದಾರರ ಕೈಗೆ ಕೊಟ್ಟಿತು.

ತಕ್ಕಡಿಯ ಇನ್ನೊಂದು ತಟ್ಟೆ

ಹಾಗಾದರೆ ಪ್ರಶ್ನೆ ಸರಿಯಾಗಿದ್ದರೆ ಸಾಕೇ? ಇಲ್ಲ. ನಮಗೆ ಒಪ್ಪಿಗೆಯಾಗುವ ಉದಾಹರಣೆಗಳನ್ನು ಮಾತ್ರ ಹೇಳಿದರೆ ಅದು ಕಳ್ಳ ತಕ್ಕಡಿಯಾಗುತ್ತದೆ. 1972ರಲ್ಲಿ ಅದೇ ಹೊಸ ಕಟ್ಟಳೆಗಳ ಪ್ರಕಾರ ಜಾರ್ಜ್ ಮೆಕ್‌ಗವರ್ನ್ ಪ್ರಾಥಮಿಕ ಚುನಾವಣೆಗಳನ್ನು ಗೆದ್ದು ಉಮೇದುವಾರರಾದರು. ಯುದ್ಧ ನಿಲ್ಲಿಸುವ ಅವರ ಮಾತು ನ್ಯಾಯವಾದದ್ದೇ. ಆದರೆ ನವೆಂಬರಿನಲ್ಲಿ 50 ರಾಜ್ಯಗಳಲ್ಲಿ 49 ಅವರ ಕೈಬಿಟ್ಟವು. ದೊಡ್ಡ ಕಾರ್ಮಿಕ ಸಂಘಗಳ ಒಕ್ಕೂಟವೇ ಅವರಿಗೆ ಬೆಂಬಲ ಕೊಡಲಿಲ್ಲ. ನ್ಯಾಯ ನಮ್ಮ ಕಡೆ ಇದೆ ಎಂದ ಮಾತ್ರಕ್ಕೆ ಮುಷ್ಕರ ಗೆಲ್ಲುವುದಿಲ್ಲ ಎಂಬುದು ನಿಮಗೆ ಗೊತ್ತು. ಪಕ್ಕದ ಖಾತೆಯವರೂ ಹೊರಗೆ ಬರಬೇಕು.

2020ರಲ್ಲಿ ಈ ಲೆಕ್ಕವೇ ಮೇಲಾಯಿತು. ಎಲ್ಲರಿಗೂ ಸರ್ಕಾರವೇ ಆರೋಗ್ಯ ವಿಮೆ ಕೊಡಬೇಕು ಎಂದು ಬರ್ನಿ ಸ್ಯಾಂಡರ್ಸ್ ಹೇಳುತ್ತಿದ್ದರು. ಮತಗಟ್ಟೆಯಿಂದ ಹೊರಬಂದವರನ್ನು ಕೇಳಿದಾಗ, ಅನೇಕ ರಾಜ್ಯಗಳಲ್ಲಿ ಡೆಮೊಕ್ರಾಟಿಕ್ ಮತದಾರರ ಬಹುಮತ ಅದಕ್ಕೆ ಒಪ್ಪಿತ್ತು. ಆದರೂ ಅವರಲ್ಲಿ ಬಹಳ ಮಂದಿ ಜೋ ಬೈಡನ್ ಅವರಿಗೆ ಮತ ಹಾಕಿದರು. "ನಮಗೆ ಒಪ್ಪಿಗೆಯಾಗುವವರಿಗಿಂತ ಟ್ರಂಪ್ ಅವರನ್ನು ಸೋಲಿಸಬಲ್ಲವರು ಬೇಕು" ಎಂಬುದು ಅವರ ಲೆಕ್ಕ. ಆ ಲೆಕ್ಕ ತಪ್ಪಾಯಿತೆನ್ನಲು ಬರುವುದಿಲ್ಲ, ಬೈಡನ್ ಗೆದ್ದರು. ಆದರೆ ಆ ವರ್ಷವೇ ಕೊರೋನಾ ರೋಗ ಬಂದು ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಅಲ್ಲಿ ದುಡಿಯುವವರಲ್ಲಿ ಬಹುಮಂದಿಗೆ ವಿಮೆ ಬರುವುದು ಕೆಲಸ ಕೊಟ್ಟ ಧಣಿಯಿಂದ. ಕೆಲಸ ಹೋದೊಡನೆ ಅನೇಕರಿಗೆ ವಿಮೆಯೂ ಹೋಯಿತು. 2022ರಲ್ಲಿ ವೃದ್ಧರ ವಿಮೆಯಲ್ಲಿ ಕೆಲವು ಔಷಧಗಳ ಬೆಲೆಯನ್ನು ಸರ್ಕಾರ ಚೌಕಾಸಿ ಮಾಡುವ ಕಾಯಿದೆ ಬಂತು; ಎಲ್ಲರಿಗೂ ವಿಮೆ ಬರಲಿಲ್ಲ. ಗೆಲುವನ್ನು ಮಾತ್ರ ತೂಗಿದವರಿಗೆ ಗೆಲುವು ಸಿಕ್ಕಿತು. ಪ್ರಶ್ನೆ ಹಾಗೇ ಉಳಿಯಿತು.

ಸೋತವನ ಪ್ರಶ್ನೆ

ಆದರೆ ಸೋತ ಉಮೇದುವಾರನಿಗೆ ಹಾಕಿದ ಮತ ವ್ಯರ್ಥವೆಂದು ತಿಳಿಯಬಾರದು. 2016ರಲ್ಲಿ ಹಿಲರಿ ಕ್ಲಿಂಟನ್ ಎದುರು ಸ್ಯಾಂಡರ್ಸ್ ಸೋತರು. ಆದರೂ ಅವರಿಗೆ ಬಿದ್ದ ಮತ ಒಂದು ಕೋಟಿ ಮೂವತ್ತು ಲಕ್ಷ. ಅವರು ಹಿಡಿದಿದ್ದ ಬೇಡಿಕೆಗಳಲ್ಲೊಂದು ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ. ದೇಶದ ಕಾಯಿದೆ ಗೊತ್ತುಮಾಡಿದ ಕನಿಷ್ಠ ಕೂಲಿ 2009ರಲ್ಲಿ 7 ಡಾಲರ್ 25 ಸೆಂಟ್. 2025ರಲ್ಲೂ ಅಷ್ಟೇ ಇತ್ತು. ಊಟದ ಹೋಟೆಲುಗಳ ಕೆಲಸಗಾರರು 2012ರಲ್ಲಿ ನ್ಯೂಯಾರ್ಕಿನಲ್ಲಿ ಮುಷ್ಕರ ಹೂಡಿ ಮೊದಲು ಎತ್ತಿದ್ದ ಈ ಕೂಗು, ಪ್ರಾಥಮಿಕ ಚುನಾವಣೆಯ ವೇದಿಕೆ ಏರಿತು. ಆ ಚುನಾವಣೆ ನಡೆಯುತ್ತಿರುವಾಗಲೇ, 2016ರ ಏಪ್ರಿಲಿನಲ್ಲಿ, ಕ್ಯಾಲಿಫೋರ್ನಿಯ ಮತ್ತು ನ್ಯೂಯಾರ್ಕ್ ರಾಜ್ಯಗಳು ಹಂತಹಂತವಾಗಿ 15 ಡಾಲರಿಗೆ ಏರುವ ಕಾಯಿದೆ ಮಾಡಿದವು. ಗೆದ್ದ ಕ್ಲಿಂಟನ್ ಅವರ ಪಕ್ಷದ ಪ್ರಣಾಳಿಕೆಯಲ್ಲೂ ಅದು ಸೇರಿತು. 2020ರಲ್ಲಿ ಟ್ರಂಪ್ ಗೆದ್ದ ಫ್ಲಾರಿಡದಲ್ಲೇ, ಅದೇ ದಿನ, ನೂರಕ್ಕೆ 60ಕ್ಕಿಂತ ಹೆಚ್ಚು ಮತದಾರರು ಅದೇ ಕೂಲಿಗೆ ಒಪ್ಪಿಗೆ ಕೊಟ್ಟರು. ಮನುಷ್ಯ ಸೋತ, ಪ್ರಶ್ನೆ ನಡೆಯುತ್ತಾ ಹೋಯಿತು.

ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೂ ಆ ವರ್ಷವೇ ಸಾಕ್ಷಿ. ಮೋಟಾರು ಕಾರ್ಖಾನೆಗಳ ಮಿಷಿಗನ್ ರಾಜ್ಯದಲ್ಲಿ, ಮುಂಗಾಣ್ಕೆಗಳನ್ನೆಲ್ಲ ಸುಳ್ಳುಮಾಡಿ, ಮಾರ್ಚ್ 8ರಂದು ಸ್ಯಾಂಡರ್ಸ್ ಗೆದ್ದರು. ಹೊರದೇಶದ ವ್ಯಾಪಾರ ಒಪ್ಪಂದಗಳಿಂದ ಕೆಲಸ ಹೋಯಿತೆಂಬ ದುಗುಡ ಅಲ್ಲಿ ಮನೆಮಾಡಿತ್ತು. ಆ ಮತ ಬಾರಿಸಿದ ಗಂಟೆಯನ್ನು ಪಕ್ಷದ ಮುಖಂಡರು ಕೇಳಿಸಿಕೊಳ್ಳಲಿಲ್ಲ. ನವೆಂಬರಿನಲ್ಲಿ ಅದೇ ದುಗುಡವನ್ನು ಹಿಡಿದು ಮಾತಾಡಿದ ಟ್ರಂಪ್ ಮಿಷಿಗನ್ನಿನಲ್ಲಿ ಹತ್ತು ಸಾವಿರದ ಏಳುನೂರು ಚಿಲ್ಲರೆ ಮತಗಳಿಂದ ಗೆದ್ದರು.

2024ರ ಫೆಬ್ರವರಿಯಲ್ಲಿ ಅದೇ ಮಿಷಿಗನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡೆಮೊಕ್ರಾಟಿಕ್ ಮತದಾರರು ಯಾವ ಉಮೇದುವಾರನಿಗೂ ಹಾಕದೆ, "ಯಾರಿಗೂ ಬದ್ಧರಲ್ಲ" ಎಂಬ ಜಾಗಕ್ಕೆ ಮುದ್ರೆ ಒತ್ತಿದರು. ಗಾಜಾದ ಯುದ್ಧಕ್ಕೆ ತಮ್ಮ ಸರ್ಕಾರ ಕೊಡುತ್ತಿದ್ದ ಬೆಂಬಲವನ್ನು ವಿರೋಧಿಸಿ ಎದ್ದ ಚಳವಳಿ ಅದು. ಆ ಜುಲೈ 21ರಂದು ಬೈಡನ್ ಕಣದಿಂದ ಹಿಂದೆ ಸರಿದಾಗ ಪ್ರಾಥಮಿಕ ಚುನಾವಣೆಗಳೆಲ್ಲ ಮುಗಿದಿದ್ದವು. ಕಮಲಾ ಹ್ಯಾರಿಸ್ ಅವರನ್ನು ಪ್ರತಿನಿಧಿಗಳೇ ಆರಿಸಿದರು. ಜನ ಹೊಸದಾಗಿ ತೂಗಲು ಸಮಯವೇ ಉಳಿಯಲಿಲ್ಲ. ನವೆಂಬರಿನಲ್ಲಿ ಅವರು ಸೋತರು. ಸೋಲಿಗೆ ಕಾರಣಗಳು ಹಲವು. ಒಂದನ್ನೇ ಹಿಡಿದು ವಾದಿಸುವುದು ಬೇಡ. ಆದರೆ ಪ್ರಶ್ನೆ ಕೇಳುವ ಋತು ಕಳೆದುಹೋದರೆ ಅದನ್ನು ಮರಳಿ ತರಲಾಗದು ಎಂಬುದಂತೂ ದಿಟ.

ತೂಗುವ ಬಗೆ

ಹಾಗಾದರೆ ಹಿರಿಯರ ಮಗಳು ಹೇಗೆ ತೂಗಬೇಕು? ಐದು ತೂಕದ ಕಲ್ಲುಗಳನ್ನು ಹೇಳುತ್ತೇವೆ.

ಒಂದು: ಈ ಪ್ರಶ್ನೆ ದೇಶದ್ದೋ, ಬರೀ ನಮ್ಮ ಓಣಿಯದೋ? ಅಯೋವ ಎಂಬ ರಾಜ್ಯ ಬಹುಕಾಲ ಎಲ್ಲಕ್ಕಿಂತ ಮೊದಲು ಮತ ಹಾಕುತ್ತಿತ್ತು. ಅದು ಮುಸುಕಿನ ಜೋಳದ ನಾಡು. ಆ ಜೋಳದಿಂದ ತೆಗೆಯುವ ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸಬೇಕೆಂದು ಅಲ್ಲಿಗೆ ಹೋದ ಉಮೇದುವಾರರೆಲ್ಲ ಹೊಗಳುತ್ತಿದ್ದರು. ಅದಕ್ಕೆ ಕೊಡುವ ಸಹಾಯಧನವನ್ನು ವಿರೋಧಿಸುತ್ತಿದ್ದ ಜಾನ್ ಮೆಕೇನ್ 2000ದಲ್ಲಿ ಅಯೋವವನ್ನು ಬಿಟ್ಟೇ ನಡೆದರು. ನಮ್ಮವರಿಗೂ ಈ ಮಾತು ಸಲ್ಲುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ವೀಸಾದ ಪ್ರಶ್ನೆ ದೊಡ್ಡದು, ಸುಳ್ಳಲ್ಲ. ಆದರೆ ಅದೊಂದನ್ನೇ ತೂಗಿದರೆ, ತನ್ನ ಪಕ್ಕದ ಮನೆಯ ದಾದಿಯ ಕೂಲಿ, ಎದುರು ಮನೆಯ ಮುದುಕನ ಔಷಧ, ತನ್ನ ಮಕ್ಕಳ ಶಾಲೆಯಲ್ಲಿ ಹಾರುವ ಗುಂಡು, ಇವುಗಳ ತೂಕ ಯಾರು ನೋಡಬೇಕು?

ಎರಡು: ಮಾತು ಕೊಡುವವನಿಗೆ ನಡೆಸುವ ಅಧಿಕಾರ ಇದೆಯೇ? ಸೇನೆ ಎಲ್ಲಿಗೆ ಹೋಗಬೇಕು, ಹೊರದೇಶದ ಒಪ್ಪಂದ ಏನಾಗಬೇಕು ಎಂಬುದರಲ್ಲಿ ಅಧ್ಯಕ್ಷನ ಕೈ ದೊಡ್ಡದು. ಕನಿಷ್ಠ ಕೂಲಿ ಏರಿಸಲು ಕಾಂಗ್ರೆಸ್ ಎಂಬ ಅಲ್ಲಿಯ ಶಾಸನಸಭೆ ಒಪ್ಪಬೇಕು. 2021ರ ಮಾರ್ಚಿನಲ್ಲಿ 15 ಡಾಲರಿನ ತಿದ್ದುಪಡಿ ಸೆನೆಟ್ಟಿನಲ್ಲಿ 42ಕ್ಕೆ 58 ಮತಗಳಿಂದ ಬಿದ್ದಿತು. ಬೈಡನ್ ಅವರ ಪಕ್ಷದ ಕೆಲವರೇ ಅದರ ವಿರುದ್ಧ ಕೈ ಎತ್ತಿದರು. ಆದ್ದರಿಂದ ಅಧ್ಯಕ್ಷನನ್ನು ಮಾತ್ರವಲ್ಲ, ಸೆನೆಟ್ಟಿಗೆ ನಿಲ್ಲುವವನನ್ನೂ ಪ್ರಾಥಮಿಕ ಚುನಾವಣೆಯಲ್ಲಿ ತೂಗಬೇಕು.

ಮೂರು: ಹಳೆಯ ಖಾತೆ ಏನು ಹೇಳುತ್ತದೆ? ಉದ್ರಿ ಕೊಡುವ ಮುಂಚೆ ನೀವು ಗಿರಾಕಿಯ ಹಳೆಯ ಬಾಕಿ ನೋಡುವುದಿಲ್ಲವೇ? 2008ರಲ್ಲಿ ಬರಾಕ್ ಒಬಾಮ, ಹಿಲರಿ ಕ್ಲಿಂಟನ್ ಇಬ್ಬರೂ ಇರಾಕ್ ಯುದ್ಧ ಮುಗಿಸುತ್ತೇವೆ ಎಂದರು. ಆದರೆ 2002ರ ಅಕ್ಟೋಬರಿನಲ್ಲಿ ಆ ಯುದ್ಧಕ್ಕೆ ಅಧಿಕಾರ ಕೊಡುವ ಠರಾವಿಗೆ ಕ್ಲಿಂಟನ್ ಮತ ಕೊಟ್ಟಿದ್ದರು; ಅದೇ ತಿಂಗಳು ಒಬಾಮ ಷಿಕಾಗೋದಲ್ಲಿ ಅದರ ವಿರುದ್ಧ ಭಾಷಣ ಮಾಡಿದ್ದರು. ಮತದಾರರು ಆ ಖಾತೆಯನ್ನು ತೆಗೆದು ನೋಡಿದರು.

ನಾಲ್ಕು: ಯಾರ ದುಡ್ಡು? 2010ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಕಂಪನಿಗಳೂ ಸಂಘಗಳೂ ಚುನಾವಣೆಯಲ್ಲಿ ಸ್ವತಂತ್ರವಾಗಿ ಮಿತಿಯಿಲ್ಲದೆ ಖರ್ಚು ಮಾಡಬಹುದೆಂದು ತೀರ್ಪು ಕೊಟ್ಟಿತು. ದುಡ್ಡು ಕೊಟ್ಟವನು ಬಾಗಿಲು ತಟ್ಟದೆ ಒಳಗೆ ಬರುತ್ತಾನೆ. ಸಣ್ಣ ಸಣ್ಣ ವಂತಿಗೆಯಿಂದ ನಡೆಯುವವನಿಗೂ ದೊಡ್ಡ ಥೈಲಿಯಿಂದ ನಡೆಯುವವನಿಗೂ ವ್ಯತ್ಯಾಸವುಂಟು.

ಐದು: ಗೆಲ್ಲಬಲ್ಲನೇ? ಇದನ್ನು ಕೊನೆಯಲ್ಲಿಟ್ಟೆವು, ಬಿಟ್ಟುಬಿಡಲಿಲ್ಲ. ಮೊದಲೇ ಇಟ್ಟರೆ ಪತ್ರಿಕೆಯವರು, ಜೂಜುಕೋರರು ಹೇಳಿದ ಹೆಸರೇ ನಮ್ಮ ಹೆಸರಾಗುತ್ತದೆ. ಇಡದೇ ಹೋದರೆ 1972 ಮತ್ತೆ ಬರುತ್ತದೆ.

ಇಷ್ಟೆಲ್ಲ ತೂಗಿದವಳಿಗೆ ಒಂದು ವ್ಯವಹಾರದ ಮಾತು ಕೂಡ: ಮತ ಹಾಕುವ ಹಕ್ಕು ಇದೆಯೇ ಎಂದು ಮುಂಚೆಯೇ ನೋಡಿಕೊಳ್ಳಬೇಕು. ಕೆಲವು ರಾಜ್ಯಗಳಲ್ಲಿ ಪಕ್ಷದ ಪಟ್ಟಿಯಲ್ಲಿ ಹೆಸರು ಇದ್ದವರಿಗೆ ಮಾತ್ರ ಅವಕಾಶ. 2016ರಲ್ಲಿ ನ್ಯೂಯಾರ್ಕಿನ ಮತದಾನ ಏಪ್ರಿಲ್ 19ಕ್ಕೆ. ಪಕ್ಷ ಬದಲಿಸುವವರಿಗೆ ಕೊನೆಯ ದಿನ ಹಿಂದಿನ ಅಕ್ಟೋಬರ್ 9! ಆರು ತಿಂಗಳ ಮುಂಚೆ ಯಾರು ನೆನಪಿಟ್ಟುಕೊಳ್ಳುತ್ತಾರೆ? ಇನ್ನು ಕೆಲವು ಕಡೆ ಮತದಾನದ ಬದಲು ಸಂಜೆ ಸಭೆ ಸೇರಿ ಗುಂಪುಗಟ್ಟಿ ನಿಲ್ಲುವ ಪದ್ಧತಿ ಇತ್ತು. ರಾತ್ರಿ ಪಾಳಿಯವನು ಅಲ್ಲಿಗೆ ಹೇಗೆ ಹೋದಾನು? 2008ರಲ್ಲಿ ನೆವಾಡದ ಲಾಸ್ ವೇಗಸ್ಸಿನಲ್ಲಿ, ದೊಡ್ಡ ಹೋಟೆಲುಗಳ ಒಳಗೇ ಪಾಳಿ ಕೆಲಸಗಾರರಿಗಾಗಿ ಇಂಥ ಸಭೆಗಳನ್ನು ಏರ್ಪಡಿಸಿದರು. ಕೆಲಸಗಾರರ ಸಂಘ ಬಲವಾಗಿರುವ ಕಡೆ ಮತದಾನವೂ ಕೆಲಸಗಾರನ ಬಳಿಗೆ ಬರುತ್ತದೆ.

ನಮ್ಮಲ್ಲಿ

ಬಂಧುಗಳೇ, ಇದೆಲ್ಲ ಕೇಳಿದ ಮೇಲೆ ನಮ್ಮ ಮನೆಯ ಕಡೆ ಒಮ್ಮೆ ನೋಡದೆ ಎದ್ದುಹೋಗುವುದು ಸರಿಯಲ್ಲ. ಅವರ ಪದ್ಧತಿಯಲ್ಲಿ ಹಣದ ಕೊಳೆ ಇದೆ, ಗದ್ದಲವಿದೆ, ಅನ್ಯಾಯವಿದೆ. ಆದರೂ ಉಮೇದುವಾರನ ಹೆಸರು ಗೊತ್ತಾಗುವ ಮುಂಚೆ ಸಾಮಾನ್ಯನನ್ನು ಒಂದು ಮಾತು ಕೇಳುತ್ತಾರೆ. ನಮ್ಮಲ್ಲಿ? ಬಿ ಫಾರಂ ಮೇಲಿನಿಂದ ಇಳಿಯುತ್ತದೆ. ದೆಹಲಿಯಲ್ಲೋ ಬೆಂಗಳೂರಿನಲ್ಲೋ ಮುಚ್ಚಿದ ಬಾಗಿಲ ಹಿಂದೆ ಜಾತಿಯ ಲೆಕ್ಕ, ಥೈಲಿಯ ಲೆಕ್ಕ ನಡೆದು, ನಾಮಪತ್ರದ ಕೊನೆಯ ದಿನ ಹೆಸರು ಹೊರಬೀಳುತ್ತದೆ. ಮಂಡಿಗೆ ನಮ್ಮನ್ನು ಸೇರಿಸುವುದೇ ಇಲ್ಲ. ಅಂಗಡಿಗೆ ಮಾತ್ರ ಕೈಮುಗಿದು ಕರೆಯುತ್ತಾರೆ. ಸಮಾಜವಾದಿಗಳೆನ್ನಿಸಿಕೊಂಡ ನಮ್ಮ ಪಕ್ಷಗಳೂ ಈ ರೋಗದಿಂದ ದೂರ ಉಳಿದಿವೆ ಎಂದು ಎದೆ ಮುಟ್ಟಿ ಹೇಳಲಾರೆವು.

ಕಾಯಿದೆ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಟಿಕೇಟು ಹಂಚುವ ಆರು ತಿಂಗಳ ಮುಂಚೆ ನಮ್ಮ ಸಂಘಗಳು, ವರ್ತಕರ ಸಂಘಗಳು ಸೇರಿ, ಆಕಾಂಕ್ಷಿಗಳನ್ನೆಲ್ಲ ಒಂದೇ ಜಗಲಿಯ ಮೇಲೆ ಕೂರಿಸಿ, ಇದೇ ಐದು ಕಲ್ಲುಗಳನ್ನು ತಟ್ಟೆಗೆ ಹಾಕಲಿ. ಯಾವ ಪ್ರಶ್ನೆ ಹಿಡಿದು ಹೋಗುತ್ತೀಯಪ್ಪಾ? ನಿನ್ನ ಹಳೆಯ ಖಾತೆ ತೆಗೆ. ದುಡ್ಡು ಯಾರದು ಹೇಳು. ಉತ್ತರವನ್ನು ಬರೆದುಕೊಂಡು ನೋಟೀಸು ಹಲಗೆಗೆ ಅಂಟಿಸೋಣ. ಪಕ್ಷದ ಮೇಲಿನವರು ನಮ್ಮ ಮಾತು ಕೇಳದಿರಬಹುದು. ಆದರೆ ಪ್ರಶ್ನೆ ಒಮ್ಮೆ ಹಲಗೆಯ ಮೇಲೆ ಬಂದರೆ, ಗೆದ್ದವನೂ ಸೋತವನೂ ಅದರ ಮುಂದೆ ಹಾದು ಹೋಗಲೇಬೇಕು.

ಆ ಹಿರಿಯರು ಇಂದೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟು: ಮಗಳಿಗೆ ಯಾರ ಹೆಸರನ್ನೂ ಹೇಳಬೇಡಿ. ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಳ್ಳಲು ಹೇಳಿ. ತನ್ನ ಬೀದಿಯಲ್ಲಿ ಅತ್ಯಂತ ಕಷ್ಟದಲ್ಲಿರುವ ಮನೆ ಯಾವುದು ನೋಡು, ಆ ಮನೆಯ ಕಷ್ಟಕ್ಕೆ ದೇಶ ಏನು ಮಾಡಬೇಕೋ ಯೋಚಿಸು, ಆ ಮಾತನ್ನು ಯಾರು ಹಿಂದೆಯೂ ಆಡಿದ್ದರು, ಈಗಲೂ ಆಡುತ್ತಿದ್ದಾರೆ, ನಾಳೆ ನಡೆಸಬಲ್ಲರು ಎಂದು ತೂಗು, ಆಮೇಲೆ ಹೋಗಿ ಮತ ಹಾಕು ಎನ್ನಿ. ಅವಳ ಉಮೇದುವಾರ ಸೋತರೂ ಚಿಂತೆಯಿಲ್ಲ. ವೆಸ್ಟ್ ವರ್ಜೀನಿಯದ ಗಣಿಯವರು ಕೇಳಿದ ಅನ್ನದ ಪ್ರಶ್ನೆ ಅರವತ್ತು ವರ್ಷ ದಾಟಿ ಬದುಕಿದೆ. ಅವಳ ಪ್ರಶ್ನೆಯೂ ಬದುಕಲಿ.